ಕಾಯಿ, ಹಣ್ಣು

ಚೌಕಾಬಾರ ಕಲಿಯುವ ಮಗುವಿಗೆ ಮೊದಲು ಸಿಗುವ ಪದ ‘ಕಾಯಿ’. ಬಳೆಚೂರು, ಹುಣಸೆಬೀಜ, ಕಲ್ಲು ಯಾವುದೇ ಇರಲಿ, ಮಣೆಯ ಮೇಲೆ ಇಟ್ಟೊಡನೆ ಅದು ಕಾಯಿ. ಐದೈದರ ಮಣೆಯಲ್ಲಿ 25 ಮನೆ. ಕವಡೆ ಹಾಕಿ, ಗರ ಬಿದ್ದಷ್ಟು ಕಾಯಿ ನಡೆಸಬೇಕು. ಹೊರಸುತ್ತಿನ 16 ಮನೆ ಬಳಸಿ, ಒಳಸುತ್ತಿನ 8 ಮನೆ ದಾಟಿ, ನಡುವಿನ ಮನೆ ಸೇರಿದರೆ ಕಾಯಿ ‘ಹಣ್ಣಾಯಿತು’. ಎದುರಾಳಿಯ ಒಂದು ಕಾಯನ್ನಾದರೂ ಹೊಡೆಯದೆ ಒಳಸುತ್ತಿಗೆ ಹೋಗುವಂತಿಲ್ಲ ಎಂಬ ಕಟ್ಟುನಿಟ್ಟು ಹಲವು ಮನೆಗಳಲ್ಲಿದೆ. ಹೊಡೆಸಿಕೊಂಡ ಕಾಯಿ ಮತ್ತೆ ಮೊದಲಿನಿಂದ ಮಾಗಬೇಕು!

ಕಾಯಿ ಅಚ್ಚ ದ್ರಾವಿಡ ಪದ. ತಮಿಳಿನಲ್ಲಿ ಕಾಯ್, ತೆಲುಗಿನಲ್ಲಿ ಕಾಯ. ತಮಿಳರ ತಾಯಂ ಆಟದಲ್ಲೂ ಗುರಿ ಮುಟ್ಟಿದ ಕಾಯಿ ‘ಪಳಂ’, ಅಂದರೆ ಹಣ್ಣೇ. ಆಟದ ದಾರಿಯನ್ನು ಮಾಗುವಿಕೆಯಾಗಿ ಕಂಡ ಈ ಕಲ್ಪನೆ ನನಗೆ ತುಂಬ ಇಷ್ಟ. ಚದುರಂಗದ ಆನೆ ಕುದುರೆಗಳನ್ನೂ ನಾವು ಕಾಯಿ ಎನ್ನುತ್ತೇವೆ, ಆದರೆ ಅವು ಹಣ್ಣಾಗುವುದಿಲ್ಲ. ಅಲ್ಲಿ ಸೇರಬೇಕಾದ ನಡುಮನೆಯಿಲ್ಲ. ಭಾರತದ ಪಚ್ಚೀಸಿ ಆಟದಿಂದ ಇಂಗ್ಲೆಂಡಿನಲ್ಲಿ ರೂಪುಗೊಂಡು, 1896ರಲ್ಲಿ ಪೇಟೆಂಟ್ ಪಡೆದ ಲೂಡೊ ನಮ್ಮ ಮನೆಗಳಿಗೆ ಬಂದಾಗ ದಾಳ ಹೊಸದಾಯಿತು, ಮಣೆ ರಟ್ಟಿನದಾಯಿತು. ಮಕ್ಕಳು ಕೂಗುವುದು ಮಾತ್ರ ಈಗಲೂ ‘ನನ್ನ ಕಾಯಿ ಹಣ್ಣು’ ಎಂದೇ.