ಸರ್ವೆಯ ನೆರಳು, ಕೆರೆಯ ನೀರು, ಆರಾಮ

ಯಲಹಂಕದ ಕೋಗಿಲು ಕ್ರಾಸಿನಿಂದ ನಂದಿಬೆಟ್ಟದ ಬುಡದವರೆಗೆ ಬಳ್ಳಾರಿ ರಸ್ತೆಯ ಎರಡೂ ಮಗ್ಗುಲಲ್ಲಿ ಈಗ 'ಲೇಕ್ ವ್ಯೂ' ಎಂಬ ಮಾತು ಬಹಳ ಓಡಾಡುತ್ತಿದೆ. ಅಪಾರ್ಟ್‌ಮೆಂಟಿನವರೂ ಅದನ್ನೇ ಹೇಳುತ್ತಾರೆ, ವಾರಾಂತ್ಯಕ್ಕೆ ಮರದ ಕ್ಯಾಬಿನ್ ಬಾಡಿಗೆಗೆ ಕೊಡುವವರೂ ಅದನ್ನೇ ಹೇಳುತ್ತಾರೆ. ಮುಂದೆ ಒಂದಿಷ್ಟು ನೀರು, ಅಂಚಿನಲ್ಲಿ ನೆಟ್ಟಗೆ ನಿಂತ ಮರಗಳು, ಎರಡು ದಿನ ಏನೂ ಮಾಡದೆ ಕೂರುವುದು. ಇದು ಅಮೆರಿಕದಿಂದ ಬಂದ ಕಲ್ಪನೆ ಎಂದು ಸುಲಭವಾಗಿ ಹೇಳಿಬಿಡಬಹುದು. ಅಲ್ಲಿ ಟೆನೆಸಿ ರಾಜ್ಯದ ರೀಲ್‌ಫುಟ್ ಸರೋವರ 1811-12ರ ಭೂಕಂಪಗಳಲ್ಲಿ ನೆಲ ಕುಸಿದು ಹುಟ್ಟಿದ್ದು. ಆಳ ತೀರಾ ಕಡಿಮೆ. ನೀರಿನಲ್ಲೇ ಕಾಲೂರಿ ನಿಂತ ಸೈಪ್ರೆಸ್ ಮರಗಳ ನಡುವೆ ದೋಣಿ ಹಾಯಿಸಿ, ದಡದ ಕ್ಯಾಬಿನ್ನಿನಲ್ಲಿ ಮಲಗಿ ಬರುವುದಕ್ಕೆಂದೇ ಜನ ಹೋಗುತ್ತಾರೆ.

ಆದರೆ ಸೈಪ್ರೆಸ್ಸಿನ ನೆರಳಿನಲ್ಲಿ, ಕೆರೆಯ ಮಗ್ಗುಲಲ್ಲಿ ವಿಶ್ರಾಂತಿಗೆಂದೇ ಜಾಗ ಮಾಡಿಕೊಳ್ಳುವ ಯೋಚನೆ ಬೆಂಗಳೂರಿಗೆ ಹೊಸತಲ್ಲ. 1760ರಲ್ಲಿ ಹೈದರ್ ಅಲಿ ಊರಿನ ದಕ್ಷಿಣಕ್ಕೆ ತೋಟ ಹಾಕಿಸಿದಾಗ ಅವನ ಮನಸ್ಸಿನಲ್ಲಿದ್ದದ್ದು ಶಿರಾದ ಖಾನ್ ಬಾಗ್, ಅಂದರೆ ಮೊಗಲರ ಸುಬೇದಾರ ದಿಲಾವರ್ ಖಾನನ ತೋಟ. ನಾವು ಲಾಲ್‌ಬಾಗ್ ಎನ್ನುವ ಈ ತೋಟವನ್ನು 1791ರಲ್ಲಿ ಕಾರ್ನ್‌ವಾಲಿಸನ ಜೊತೆ ಬಂದ ಇಂಗ್ಲಿಷರು ಕರೆದದ್ದು 'ಸೈಪ್ರೆಸ್ ತೋಟ' ಎಂದು. ಅವರ ಕಣ್ಣಿಗೆ ಮೊದಲು ಬಿದ್ದದ್ದು ಗುಲಾಬಿಯಲ್ಲ, ಆ ಮರಗಳೇ.

1800ರ ಮೇ ತಿಂಗಳಲ್ಲಿ ಬಂದ ಫ್ರಾನ್ಸಿಸ್ ಬುಕನನ್ ಇದನ್ನು ಸಾಕಷ್ಟು ವಿವರವಾಗಿ ಬರೆದಿಟ್ಟಿದ್ದಾನೆ. ತೋಟವನ್ನು ಚೌಕ ಚೌಕವಾಗಿ ಪಾತಿ ಮಾಡಿದ್ದರು, ನಡುವೆ ಹಾದಿಗಳು, ಹಾದಿಯ ಇಕ್ಕೆಲದಲ್ಲಿ ಸೊಗಸಾದ ಸೈಪ್ರೆಸ್ ಸಾಲು. ಒಂದು ಚೌಕದ ತುಂಬ ಬರೀ ಗುಲಾಬಿ, ಇನ್ನೊಂದರ ತುಂಬ ಬರೀ ದಾಳಿಂಬೆ. ಈ ಹವೆಯಲ್ಲಿ ಸೈಪ್ರೆಸ್ಸೂ ದ್ರಾಕ್ಷಿಯೂ ಹುಲುಸಾಗಿ ಬೆಳೆಯುತ್ತವೆ ಎಂದು ಅವನ ಗಮನಕ್ಕೆ ಬಂತು. ಬುಕನನ್ ಹೊಗಳುವುದಕ್ಕೆ ಅವಸರಪಡುವ ಮನುಷ್ಯನಲ್ಲ, ಕಂಪನಿಯ ಪರವಾಗಿ ಲೆಕ್ಕ ಹಾಕಲು ಬಂದವನು. ಹಾಗಾಗಿ ಅವನ ಈ ಮಾತಿಗೆ ತೂಕ ಹೆಚ್ಚು.

ಈ ಸೈಪ್ರೆಸ್ ರೀಲ್‌ಫುಟ್ಟಿನ ಸೈಪ್ರೆಸ್ ಅಲ್ಲ. ಅದು ಜೌಗಿನ ಮರ, ನೀರಲ್ಲಿ ನಿಂತರೆ ಅದಕ್ಕೆ ಸುಖ. ಇದು ಇರಾನ್ ಕಡೆಯ, ಒಣಭೂಮಿಯ ಮರ. ಬೇರಿಗೆ ನೀರು ನಿಂತರೆ ಕೊಳೆಯುತ್ತದೆ. ಕೆರೆಯ ಹತ್ತಿರ ಬೇಕು, ಕೆರೆಯೊಳಗೆ ಬೇಡ. ಪಾರಸಿ ಕವಿಗಳು ಪ್ರಿಯತಮೆಯ ನಿಲುವನ್ನು ಹೋಲಿಸುವುದು ಇದಕ್ಕೇ. ಆ ಭಾಷೆಯಲ್ಲಿ ಇದರ ಹೆಸರು 'ಸರ್ವ್'. ನಮ್ಮಲ್ಲಿ 'ಸರ್ವೆ ಮರ' ಎಂದರೆ ಸೈಪ್ರೆಸ್ ಅಲ್ಲ, ಸೌದೆಗೂ ಸಾರವೆ ಕಂಬಕ್ಕೂ ಬೆಳೆಸುವ ಕ್ಯಾಸುರಿನಾ, ಗಾಳಿಮರ. ದೂರದಿಂದ ನೋಡಿದರೆ ಇದೂ ಹಾಗೆಯೇ ನೆಟ್ಟಗೆ, ಮೊನಚಾಗಿ ನಿಲ್ಲುತ್ತದೆ. ಅರಮನೆ ತೋಟದ ಮರದ ಹೆಸರು ಹೊರಗಿನಿಂದ ಬಂದ ಇನ್ನೊಂದು ಮರಕ್ಕೆ ಅಂಟಿಕೊಂಡಿತೆಂದು ನನ್ನ ಊಹೆ. ದೇವನಹಳ್ಳಿ, ಹೊಸಕೋಟೆ ಕಡೆಯ ರೈತ ತನ್ನ ಸರ್ವೆ ತೋಪನ್ನು ಕಡಿದು ಲಾರಿಗೆ ತುಂಬುವಾಗ ಬಾಯಲ್ಲಿರುವುದು ಹಫೀಜನ ಪದ ಎಂದು ನೆನೆದರೆ ಖುಷಿಯಾಗುತ್ತದೆ.

'ಆರಾಮ' ಎಂಬ ಪದದ್ದು ಇನ್ನೂ ಚೆಂದದ ಕತೆ. ಸಂಸ್ಕೃತದಲ್ಲಿ ಆರಾಮ ಎಂದರೆ ತೋಟ, ಉಪವನ. ಕೆರೆ ಕಟ್ಟಿಸುವುದು, ವನ ಬೆಳೆಸುವುದು, ದೇಗುಲ ನಿಲ್ಲಿಸುವುದು, ಕಾವ್ಯ ಬರೆಸುವುದು ಎಲ್ಲವೂ ಸಪ್ತಸಂತಾನಗಳಲ್ಲಿ ಸೇರುತ್ತಿದ್ದವು. ಮಗನಷ್ಟೇ ಕೆರೆಯೂ ಹೆಸರುಳಿಸುತ್ತದೆ ಎಂಬ ಲೆಕ್ಕ. ಪಾರಸಿಯಲ್ಲಿ ಆರಾಮ್ ಎಂದರೆ ನೆಮ್ಮದಿ, ವಿಶ್ರಾಂತಿ. 'ಆರಾಮ ಇದ್ದೀರಾ?' ಎಂದು ಧಾರವಾಡದವರು ಕೇಳುವುದು ಇದನ್ನೇ. ಎರಡೂ ಒಂದೇ ಹಳೆಯ ಬೇರಿನಿಂದ ಕವಲೊಡೆದು, ಸಾವಿರಾರು ವರ್ಷ ಬೇರೆ ಬೇರೆ ಊರು ಸುತ್ತಿ ಕನ್ನಡದಲ್ಲಿ ಮತ್ತೆ ಕೂಡಿದವು. ಹೈದರನ ತೋಟದಲ್ಲಿ ಎರಡು ಅರ್ಥಕ್ಕೂ ಜಾಗವಿತ್ತು.

ಆ ಆರಾಮ ಬಹುಕಾಲ ಉಳಿಯಲಿಲ್ಲ. ಟಿಪ್ಪು ತಂದೆಯ ಹುಚ್ಚನ್ನು ಮುಂದುವರಿಸಿದ. 1787ರಲ್ಲಿ ಫ್ರಾನ್ಸಿನ ಹದಿನಾರನೆಯ ಲೂಯಿಯ ಬಳಿಗೆ ಕಳಿಸಿದ ರಾಯಭಾರಿಗಳ ಕೋರಿಕೆಗಳಲ್ಲಿ ಕುಶಲಕರ್ಮಿಗಳ ಜೊತೆಗೆ ತೋಟಗಾರರೂ ಬೀಜಗಳೂ ಇದ್ದವು. ಆದರೆ 1791ರ ಮಾರ್ಚಿನಲ್ಲಿ ಬೆಂಗಳೂರು ಕೋಟೆ ಬಿತ್ತು. ಮರುವರ್ಷ ಫೆಬ್ರವರಿಯಲ್ಲಿ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ದ್ವೀಪಕ್ಕೆ ನುಗ್ಗಿ, ಅಲ್ಲಿನ ಇನ್ನೊಂದು ಲಾಲ್‌ಬಾಗಿನಲ್ಲಿ ಬೀಡುಬಿಟ್ಟ. ಹೈದರನ ಸಮಾಧಿಯಿರುವ ತೋಟ ಅದು. ಮುತ್ತಿಗೆಗೆ ಕಂದಕ ತುಂಬಲು ಕಟ್ಟಿಗೆ ಹೊರೆ ಬೇಕು, ಮಣ್ಣು ತುಂಬುವ ಬುಟ್ಟಿಗಳಿಗೆ ರೆಂಬೆ ಬೇಕು. ಸುತ್ತ ಬೇರೆ ಮರಗಳಿರಲಿಲ್ಲ. ಸೈಪ್ರೆಸ್ ಸಾಲುಗಳಿಗೆ ಕೊಡಲಿ ಬಿತ್ತು, ಅರಮನೆ ಗಾಯಾಳುಗಳ ಆಸ್ಪತ್ರೆಯಾಯಿತು. ಆ ದಂಡಯಾತ್ರೆಯ ವೃತ್ತಾಂತ ಬರೆದ ಮೇಜರ್ ಡೈರಮ್, ಗೆದ್ದವರ ಕಡೆಯವನಾದರೂ, ಈ ನಾಶವನ್ನು ಹೇಳುವಾಗ ಸ್ವಲ್ಪ ತಡವರಿಸುತ್ತಾನೆ. ಕೋಟೆಯ ಗೋಡೆಯ ಮೇಲಿಂದ ಟಿಪ್ಪುವಿಗೆ ಅದೆಲ್ಲ ಕಾಣುತ್ತಿತ್ತು.

ಇಲ್ಲಿಯವರೆಗೆ ಹೇಳಿದ್ದು ದೊರೆಗಳ ವಿಶ್ರಾಂತಿ. ಕೆರೆಯ ಬಳಿ ಉಳಿದವರ ಬದುಕು ಬೇರೆ ಥರ ಇತ್ತು. ನಮ್ಮ ಬಯಲುಸೀಮೆಯಲ್ಲಿ ಸ್ವಾಭಾವಿಕ ಸರೋವರ ಎಂಬುದೇ ಅಪರೂಪ. ಯಲಹಂಕ, ಜಕ್ಕೂರು, ರಾಚೇನಹಳ್ಳಿ, ಕೋಗಿಲು, ಎಲ್ಲವೂ ಏರಿ ಹಾಕಿ ನಿಲ್ಲಿಸಿದ ನೀರು. ನೆಲ ಮೆಲ್ಲಗೆ ಇಳಿಜಾರಾದ್ದರಿಂದ ಕೆರೆ ಅಗಲವಾಗಿ ಹರಡುತ್ತದೆ, ಆಳ ಮಾತ್ರ ಇರುವುದಿಲ್ಲ. ಒಂದರ ಕೋಡಿ ಬಿದ್ದರೆ ಅದು ಕೆಳಗಿನದಕ್ಕೆ ಒಳಹರಿವು. ತೂಬು ಎತ್ತುವ ಹಕ್ಕು ನೀರುಗಂಟಿಯದು. ಬೇಸಿಗೆಯಲ್ಲಿ ಅಂಗಳ ಬಿರಿದಾಗ ಗೋಡು ತೆಗೆದು ಹೊಲಕ್ಕೆ ಹೊಡೆಯುತ್ತಿದ್ದರು. ಬತ್ತುವುದೂ ಕೆರೆಯ ಕೆಲಸದ ಒಂದು ಭಾಗವೇ ಆಗಿತ್ತು. ಏರಿಯ ಮೇಲೆ ಗಂಗೆಗೋ ದುಗ್ಗಮ್ಮನಿಗೋ ಪೂಜೆ ನಡೆಯುತ್ತಿತ್ತು, ಆದರೆ ಏರಿಯ ಮೇಲೆ ಸುಮ್ಮನೆ ಕೂತು ನೀರು ನೋಡುವವನನ್ನು ಊರು ಸೋಮಾರಿ ಎನ್ನುತ್ತಿತ್ತೇನೋ! 'ಕೆರೆಗೆ ಹಾರ' ಲಾವಣಿಯ ಭಾಗೀರಥಿಯನ್ನು ಬಲ್ಲ ನಾಡಿಗೆ ಕೆರೆ ಒಂದು ನೋಟವಾಗಿರಲು ಸಾಧ್ಯವೂ ಇರಲಿಲ್ಲ. ದಾರಿಹೋಕನಿಗೆ ವಿಶ್ರಾಂತಿಗೆ ಇದ್ದದ್ದು ಅರವಟ್ಟಿಗೆ, ಛತ್ರ, ಅರಳಿಕಟ್ಟೆ.

ನೀರು ನೋಟವಾಗಿ ಮಾರ್ಪಟ್ಟದ್ದು ಅದರ ದುಡಿಮೆ ನಿಂತ ಮೇಲೆ. 1894ರಲ್ಲಿ ಅರ್ಕಾವತಿಗೆ ಅಡ್ಡಲಾಗಿ ಹೆಸರಘಟ್ಟ ಕೆರೆ ಕಟ್ಟಿ ಕೊಳವೆಯಲ್ಲಿ ನೀರು ತಂದಾಗ ಊರೊಳಗಿನ ಕೆರೆಗಳು ಒಂದೊಂದಾಗಿ ಅನಗತ್ಯವೆನಿಸತೊಡಗಿದವು. ಧರ್ಮಾಂಬುಧಿ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆ ಕ್ರೀಡಾಂಗಣವಾಯಿತು. 1980ರ ದಶಕದಲ್ಲಿ ಲಕ್ಷ್ಮಣ ರಾವ್ ಸಮಿತಿ ಉಳಿದವನ್ನು ಉಳಿಸಿ ಎಂದು ವರದಿ ಕೊಟ್ಟಾಗ ಅದು ಸೂಚಿಸಿದ ದಾರಿಗಳಲ್ಲಿ ಕೆರೆಯಂಗಳದಲ್ಲಿ ಮರ ಬೆಳೆಸುವುದು, ಉದ್ಯಾನ ಮಾಡುವುದು ಸೇರಿದ್ದವು. ಗದ್ದೆ ಹೋದ ಮೇಲೆ ಕೆರೆಗೆ ಉಳಿದಿದ್ದ ಸಮರ್ಥನೆ ಅದೊಂದೇ, ವಿಹಾರ. ನಾವು ಅದನ್ನು ಹಗುರವಾಗಿ ಕಾಣಬಾರದು. ಜನಕ್ಕೆ ಅಲ್ಲಿ ನಡೆದಾಡುವ ಆಸೆ ಇಲ್ಲದಿದ್ದರೆ ಇನ್ನಷ್ಟು ಕೆರೆಗಳು ಸೈಟುಗಳಾಗುತ್ತಿದ್ದವು.

ಈಗ ಇನ್ನೊಂದು ವಿಚಿತ್ರ ನಡೆದಿದೆ. ಜಕ್ಕೂರು ಕೆರೆ ಬತ್ತುವುದೇ ಇಲ್ಲ. ಪಕ್ಕದ ಘಟಕದಲ್ಲಿ ಶುದ್ಧೀಕರಿಸಿದ ಕೊಳಚೆ ನೀರು ಜೊಂಡಿನ ಜೌಗನ್ನು ಹಾದು ವರ್ಷವಿಡೀ ಒಳಗೆ ಬರುತ್ತದೆ. ಹೆಬ್ಬಾಳ-ನಾಗವಾರ ಕಣಿವೆ ಯೋಜನೆಯಲ್ಲಿ ಇಂಥದೇ ನೀರನ್ನು ಉತ್ತರದ ದೇವನಹಳ್ಳಿ, ಚಿಕ್ಕಬಳ್ಳಾಪುರದ ಕಡೆಯ ಕೆರೆಗಳಿಗೆ ಮೇಲೆತ್ತುತ್ತಾರೆ. ಹಾಗಾಗಿ ಏಪ್ರಿಲ್ಲಿನಲ್ಲಿ 'ಲೇಕ್ ವ್ಯೂ' ಸಿಕ್ಕಿತು ಎಂದು ಹಿಗ್ಗುವವರು ಅದು ಯಾವ ನೀರು ಎಂದು ಒಮ್ಮೆ ಕೇಳಬೇಕು. ಬಹುಪಾಲು ಅದು ನಾವೇ ಸ್ನಾನ ಮಾಡಿ ಬಿಟ್ಟ ನೀರು. ಅದರಲ್ಲಿ ತಪ್ಪೇನಿಲ್ಲ, ಮೂರನೆಯ ಹಂತದ ಶುದ್ಧೀಕರಣ ಬೇಕೆಂಬ ಅಲ್ಲಿನ ರೈತರ ಹಟ ಮಾತ್ರ ಆ ಕ್ಯಾಬಿನ್ನಿನ ಅತಿಥಿಯದೂ ಆಗಬೇಕಾದದ್ದು.

ಮಳೆ ನೀರಿನ ಕೆರೆಯನ್ನೇ ನೋಡಬೇಕು ಎನ್ನುವವರಿಗೆ ಕಾಲ ಗೊತ್ತಿರಬೇಕು. ಬೆಂಗಳೂರಿನಲ್ಲಿ ಹೆಚ್ಚು ಮಳೆ ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ನವೆಂಬರಿನಿಂದ ಫೆಬ್ರವರಿಯವರೆಗೆ ವಲಸೆ ಬಾತುಗಳೂ ಇರುತ್ತವೆ. ಕೆರೆಯಂಗಳದಲ್ಲಿ ಅರಣ್ಯ ಇಲಾಖೆಯವರು ಎಷ್ಟೋ ಕಡೆ ಜಾಲಿ ನೆಟ್ಟಿದ್ದಾರೆ. ಮುಳುಗಿದರೂ ತಿಂಗಳುಗಟ್ಟಲೆ ತಾಳಿಕೊಳ್ಳುವ ಮರ ಅದು. ಯಲಹಂಕದ ಪುಟ್ಟೇನಹಳ್ಳಿಯಂಥ ಕೆರೆಯಲ್ಲಿ ಮೊಣಕಾಲುದ್ದ ನೀರಿನಲ್ಲಿ ನಿಂತ ಮರಗಳ ಮೇಲೆ ಬಕ, ನೀರುಕಾಗೆಗಳು ಕೂತು ರೆಕ್ಕೆ ಒಣಗಿಸುವುದನ್ನು ನೋಡಿದರೆ ರೀಲ್‌ಫುಟ್ಟಿಗೆ ಹತ್ತಿರದ ಚಿತ್ರ ಸಿಗುತ್ತದೆ. ಸಂಜೆ ಐದೂವರೆಯ ಹೊತ್ತಿಗೆ ಹೋಗಿ, ಮೊದಲು ತೂಬು ಎಲ್ಲಿದೆ ಎಂದು ಹುಡುಕಿ. ಅದರ ಎರಡು ಕಲ್ಲುಕಂಬ ಉಳಿದಿದ್ದರೆ ಏರಿಯ ಒಳಮಗ್ಗುಲಲ್ಲಿ, ನೀರಿನ ಅಂಚಿಗೇ ಇರುತ್ತವೆ.