ಹಳೆಯ ಪತ್ತೇದಾರಿ ಚಿತ್ರ: ಗುಣ ಮತ್ತು ದೋಷ

ಹಳೆಯ ಚಲನಚಿತ್ರವೂ ಇತಿಹಾಸದ ಒಂದು ಆಕರ. 1956ರಲ್ಲಿ ತೆರೆಕಂಡ ಹಿಂದಿ ಚಿತ್ರ ‘ಸಿ.ಐ.ಡಿ.’ಯನ್ನು ಈ ದೃಷ್ಟಿಯಿಂದ ನೋಡಿ. ಇದರ ನಿರ್ಮಾಪಕರು ಬೆಂಗಳೂರಿನಲ್ಲಿ ಹುಟ್ಟಿದ ಗುರುದತ್. ನಿರ್ದೇಶಕರು ರಾಜ್ ಖೋಸ್ಲಾ. ಪತ್ರಿಕಾ ಸಂಪಾದಕನೊಬ್ಬನ ಕೊಲೆಯ ತನಿಖೆಗೆ ಇಳಿದ ಇನ್ಸ್‌ಪೆಕ್ಟರ್ ಶೇಖರ್ (ದೇವ್ ಆನಂದ್) ತನ್ನ ಮೇಲಧಿಕಾರಿಯ ಮಗಳಾದ ರೇಖಾಳಿಗೆ (ಶಕೀಲಾ) ಮನಸೋಲುತ್ತಾನೆ.

ಚಿತ್ರದ ಬಲವಿರುವುದು ಕಥೆಗಿಂತ ಹೆಚ್ಚಾಗಿ ಅದು ನಡೆಯುವ ಊರಿನಲ್ಲಿ. ಓ.ಪಿ. ನಯ್ಯರ್ ಸಂಗೀತದ ಒಂದು ಹಾಡು ಮುಂಬಯಿ ಬದುಕಿನ ಕಷ್ಟವನ್ನು ನಗುತ್ತಲೇ ಹೇಳುತ್ತದೆ. ತೆರೆಯ ಮೇಲೆ ಅದನ್ನು ಹಾಡುವವನು ಜೇಬುಗಳ್ಳನ ಪಾತ್ರದ ಜಾನಿ ವಾಕರ್. ಮೈಸೂರಿನ ವಿ.ಕೆ. ಮೂರ್ತಿಯವರ ಛಾಯಾಗ್ರಹಣದಲ್ಲಿ ನೆರಳೇ ಸಂಶಯವನ್ನು ಹುಟ್ಟಿಸುತ್ತದೆ. ವಹೀದಾ ರೆಹಮಾನ್ ಅವರ ಮೊದಲ ಹಿಂದಿ ಚಿತ್ರವೂ ಇದೇ. ಖಳನ ಕಡೆಯವಳಾದರೂ ಮನಸ್ಸಾಕ್ಷಿ ಉಳ್ಳ ಕಾಮಿನಿಯಾಗಿ ಅವರು ನೆನಪಿನಲ್ಲಿ ಉಳಿಯುತ್ತಾರೆ.

ದೋಷಗಳೂ ಇವೆ. ಕೊಲೆಗಾರ ನಡುವಿನಲ್ಲೇ ಸಿಕ್ಕಿಬೀಳುವುದರಿಂದ ರಹಸ್ಯ ಸಡಿಲವಾಗುತ್ತದೆ. ರೇಖಾಳಿಗೆ ಪ್ರೀತಿಸುವುದು, ಕಾಯುವುದು ಬಿಟ್ಟರೆ ಕೆಲಸ ಕಡಿಮೆ. ಇದಕ್ಕಿಂತ ದೊಡ್ಡ ಕೊರತೆ ಇನ್ನೊಂದಿದೆ. ಸೆರೆಸಿಕ್ಕ ಆರೋಪಿ ಪೊಲೀಸರ ವಶದಲ್ಲೇ ಸಾಯುತ್ತಾನೆ. ಆರೋಪ ಶೇಖರನ ಮೇಲೆ ಬರುತ್ತದೆ. ಅವನು ತಪ್ಪಿಸಿಕೊಂಡು ಓಡುತ್ತಾನೆ. ಕಾನೂನು ಕಾಯುವವನನ್ನೂ ಕಾನೂನು ಪ್ರಶ್ನಿಸಬಹುದೆಂಬ ಗಂಭೀರ ವಿಚಾರವನ್ನು ಎತ್ತಿದ ಚಿತ್ರ, ನಾಯಕ ನಿರಪರಾಧಿಯೆಂದು ನಮಗೆ ಮೊದಲೇ ತಿಳಿಸಿ, ಅದನ್ನು ಓಟದ ರೋಚಕತೆಯಲ್ಲಿ ಮರೆಸಿಬಿಡುತ್ತದೆ.

ಆದ್ದರಿಂದ ಹಳೆಯ ಚಿತ್ರವನ್ನು ನೋಡುವಾಗ ಅದು ಏನನ್ನು ತೋರಿಸಿತು ಎಂಬುದರ ಜೊತೆಗೆ, ಯಾವ ಪ್ರಶ್ನೆಯನ್ನು ಅರ್ಧಕ್ಕೇ ಕೈಬಿಟ್ಟಿತು ಎಂಬುದನ್ನೂ ಗುರುತಿಸಿ. ಒಂದು ಕಾಲದ ಮನಸ್ಸು ಎರಡರಲ್ಲಿಯೂ ಕಾಣುತ್ತದೆ.