ವೋಲ್ಗಾ ತೀರದಿಂದ ಬೀದರಿಗೆ ಬಂದ ಮುಸಾಫಿರ

ಗಂಗಾವತಿಯಿಂದ ಬೀದರಿಗೆ ಹೋದವರು ಮಹಮೂದ್ ಗವಾನರ ಮದರಸಾ ನೋಡದೆ ಮರಳುವುದಿಲ್ಲ. 1472ರಲ್ಲಿ ಕಟ್ಟಿದ ಆ ಕಟ್ಟಡದ ಮುಂದೆ ನಿಂತು ನಾವು ಫೋಟೊ ತೆಗೆಸಿಕೊಳ್ಳುತ್ತೇವೆ. ಅದೇ ಕಾಲದಲ್ಲಿ ಆ ಊರಿನಲ್ಲಿ ರಷ್ಯಾದ ಒಬ್ಬ ವ್ಯಾಪಾರಿ ಇದ್ದನೆಂಬುದು ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. ಅವನ ಹೆಸರು ಅಫನಾಸಿ ನಿಕಿತಿನ್. ಊರು ವೋಲ್ಗಾ ನದಿಯ ದಡದ ತ್ವೆರ್.

ರಷ್ಯನ್ನರು ಸ್ಲಾವ್ ಜನಾಂಗದವರು. ಬೋಸ್ನಿಯಾದ ಮುಸ್ಲಿಮರೂ ಅದೇ ಜನಾಂಗದವರೇ. ವೋಲ್ಗಾ ತೀರದ ಬಲ್ಗಾರರ ಬಳಿಗೆ 922ರಲ್ಲಿ ಬಗ್ದಾದಿನ ಖಲೀಫರ ದೂತರೊಂದಿಗೆ ಇಬ್ನ್ ಫದ್ಲಾನ್ ಹೋಗಿದ್ದರು. ಹೀಗೆ ರಷ್ಯನ್ನರಿಗೆ ಮುಸ್ಲಿಮರು ನೂರಾರು ವರ್ಷಗಳಿಂದ ನೆರೆಹೊರೆಯವರು. ನಿಕಿತಿನನ ಬರಹದಲ್ಲಿ ರಷ್ಯನ್ ಭಾಷೆಯ ನಡುವೆ ತುರ್ಕಿ, ಫಾರ್ಸಿ, ಅರಬ್ಬಿ ಮಾತುಗಳು ಬೆರೆತಿರುವುದಕ್ಕೆ ಈ ನೆರೆತನವೂ ಒಂದು ಕಾರಣ.

ಸರಕು ತುಂಬಿಕೊಂಡು ಹೊರಟ ಅವನನ್ನು ಅಸ್ತ್ರಾಖಾನಿನ ಬಳಿ ದರೋಡೆಕೋರರು ಲೂಟಿ ಮಾಡಿದರು. ಅವನ ಧರ್ಮಗ್ರಂಥಗಳೂ ಹೋದವು. ಬರಿಗೈಯಲ್ಲಿ ಮನೆಗೆ ಮರಳಲಾಗದೆ ಬಾಕು, ಇರಾನ್, ಹುರ್ಮುಜ್ ದಾಟಿ, ಒಂದು ಕುದುರೆಯೊಡನೆ ಹಡಗೇರಿ ಕೊಂಕಣದ ಚೌಲ್ ಬಂದರಿಗೆ ಬಂದಿಳಿದ. ಆಗ ದಖ್ಖನಿನಲ್ಲಿ ಒಳ್ಳೆಯ ಕುದುರೆಗೆ ಬಂಗಾರದ ಬೆಲೆ.

ಜುನ್ನರಿನಲ್ಲಿ ಅಧಿಕಾರಿ ಅಸದ್ ಖಾನ್ ಆ ಕುದುರೆಯನ್ನು ಕಿತ್ತುಕೊಂಡ. ಮುಸ್ಲಿಮನಾದರೆ ಕುದುರೆಯ ಜೊತೆ ಸಾವಿರ ಹೊನ್ನು ಕೊಡುವೆ, ಇಲ್ಲವಾದರೆ ಕುದುರೆಯೂ ನನ್ನದು, ನೀನೇ ಸಾವಿರ ಹೊನ್ನು ತೆರಬೇಕು ಎಂದು ನಾಲ್ಕು ದಿನದ ಗಡುವು ಕೊಟ್ಟ. ಪರದೇಶಿಗೆ ಯಾರ ಆಸರೆಯೂ ಇರಲಿಲ್ಲ. ಅಷ್ಟರಲ್ಲಿ ಖುರಾಸಾನಿನ ಖ್ವಾಜಾ ಮುಹಮ್ಮದ್ ಅಲ್ಲಿಗೆ ಬಂದರು. ಅವರು ಅಸದ್ ಖಾನನ ಬಳಿ ಹೋಗಿ ಮಾತನಾಡಿ, ಮತಾಂತರದ ಒತ್ತಾಯವನ್ನು ತಪ್ಪಿಸಿ, ಕುದುರೆಯನ್ನೂ ಬಿಡಿಸಿಕೊಟ್ಟರು.

ಈ ಘಟನೆಯನ್ನು ನಾವು ಮುಚ್ಚಿಡಬೇಕಾಗಿಲ್ಲ. ಧರ್ಮದಲ್ಲಿ ಬಲವಂತವಿಲ್ಲವೆಂದು ಸೂರಃ ಅಲ್ ಬಕರದ 256ನೇ ಆಯತ್ ಸ್ಪಷ್ಟವಾಗಿ ಹೇಳುತ್ತದೆ. ಅಸದ್ ಖಾನ್ ಮಾಡಿದ್ದು ಅಧಿಕಾರದ ದುರಾಸೆ. ಅದಕ್ಕೆ ದೀನಿನ ಹೆಸರು ಕೊಟ್ಟ. ಖ್ವಾಜಾ ಮುಹಮ್ಮದ್ ಮಾಡಿದ್ದು ದೀನಿನ ಕೆಲಸ. ಇಬ್ಬರೂ ನಮ್ಮ ಇತಿಹಾಸದವರೇ. ಯಾರ ವಾರಸುದಾರರಾಗಬೇಕೆಂಬುದು ನಮಗೆ ಬಿಟ್ಟದ್ದು.

ಬೀದರಿನಲ್ಲಿ ನಿಕಿತಿನ್ ಸುಲ್ತಾನನ ಮೆರವಣಿಗೆ, ಆನೆಗಳು, ಬೆಳ್ಳಿಯ ಪಲ್ಲಕ್ಕಿಗಳನ್ನು ಕಂಡ. ಅಮೀರರು ಬಹಳ ಶ್ರೀಮಂತರು, ಹಳ್ಳಿಯ ಜನ ಬಹಳ ಬಡವರು ಎಂದೂ ಬರೆದ. ಆಳಂದದಲ್ಲಿ ಶೇಖ್ ಅಲಾವುದ್ದೀನರ ಹೆಸರಿನಲ್ಲಿ ಹತ್ತು ದಿನ ನಡೆಯುವ ಸಂತೆಗೆ ಇಪ್ಪತ್ತು ಸಾವಿರದವರೆಗೆ ಕುದುರೆಗಳು ಬರುತ್ತವೆಂದು ದಾಖಲಿಸಿದ. ಹಿಂದೂಗಳ ಗೆಳೆತನ ಮಾಡಿಕೊಂಡು ಅವರ ಜೊತೆ ಶ್ರೀಶೈಲದ ಜಾತ್ರೆಗೂ ಹೋದ. ನಮ್ಮ ಆನೆಗೊಂದಿಯ ಎದುರು ದಡದ ವಿಜಯನಗರದ ಬಗ್ಗೆ ಕೇಳಿದ್ದನ್ನೂ ಬರೆದಿಟ್ಟ. ರಾಯಚೂರಿನ ಹೆಸರೂ ಅವನ ಬರಹದಲ್ಲಿದೆ. ನಮ್ಮ ಈ ದೋಆಬ್ ಸೀಮೆ ಆಗ ಎರಡು ರಾಜ್ಯಗಳ ಜಗಳದ ಗದ್ದೆಯಾಗಿತ್ತು.

ಗ್ರಂಥಗಳು ಕಳೆದುಹೋಗಿ ತನ್ನ ಹಬ್ಬಗಳ ದಿನವೇ ತಿಳಿಯದೆ ಅವನು ಸಂಕಟಪಟ್ಟ. ಇಲ್ಲಿ ಮುಸ್ಲಿಮರು ರೋಜಾ ಇಟ್ಟಾಗ ತಾನೂ ಉಪವಾಸವಿದ್ದ. ಅವನ ಬರಹ ಮುಗಿಯುವುದು ಅಲ್ಲಾಹನ ಹೆಸರುಗಳನ್ನು ಹೇಳುವ ದುಆದಿಂದ. ಅವನು ಇಸ್ಲಾಮ್ ಸ್ವೀಕರಿಸಿದನೇ ಎಂದು ವಿದ್ವಾಂಸರು ಇಂದಿಗೂ ಚರ್ಚಿಸುತ್ತಾರೆ. ಎದೆಯೊಳಗಿನ ಲೆಕ್ಕ ಅಲ್ಲಾಹನಿಗೆ ಗೊತ್ತು. ಅದನ್ನು ಹಿಡಿದು ಹೆಮ್ಮೆಪಡುವುದೂ ಬೇಡ, ವಾದ ಮಾಡುವುದೂ ಬೇಡ.

ಊರು ಸೇರುವ ಮೊದಲೇ, ಸ್ಮೊಲೆನ್ಸ್ಕ್ ಬಳಿ ಅವನು ತೀರಿಕೊಂಡ. ಬರಹ ಮಾತ್ರ ಮಾಸ್ಕೋ ತಲುಪಿತು. ಮಹಮೂದ್ ಗವಾನರನ್ನು ಸುಳ್ಳು ಆರೋಪದ ಮೇಲೆ 1481ರಲ್ಲಿ ಸುಲ್ತಾನನೇ ಕೊಲ್ಲಿಸಿದ. ಅಧಿಕಾರಗಳೆಲ್ಲ ಅಳಿದವು, ಖ್ವಾಜಾ ಮುಹಮ್ಮದರ ಒಂದು ಉಪಕಾರ ಐನೂರು ವರ್ಷ ದಾಟಿ ಇನ್ನೂ ಓದಿಸಿಕೊಳ್ಳುತ್ತಿದೆ.

ಇಂದು ನಮ್ಮ ಗಂಗಾವತಿಯ ಅಕ್ಕಿ ಗಿರಣಿಗಳಿಗೆ, ಗದ್ದೆಗಳಿಗೆ ಬೇರೆ ರಾಜ್ಯಗಳ ಕೂಲಿಕಾರರು ಬರುತ್ತಾರೆ. ಭಾಷೆ ಬಾರದ ಅವರ ಕೂಲಿಯನ್ನು ಯಾರಾದರೂ ಹಿಡಿದಿಟ್ಟುಕೊಂಡರೆ, ಅವರ ಪರವಾಗಿ ಒಂದು ಮಾತು ಆಡಲು ನಾವು ಎದ್ದು ಹೋಗುತ್ತೇವೆಯೇ? ಮುಸಾಫಿರನ ಹಕ್ಕನ್ನು ಕಾಯುವ ತೌಫೀಕನ್ನು ಅಲ್ಲಾಹನು ನಮಗೆಲ್ಲ ಕರುಣಿಸಲಿ. ಆಮೀನ್.